ರಸ್ತೆಯಿಂದ ಕಾಣ್ಸುತ್ತಾ? ಅಮ್ಮನಿಗೊಂದು ರೂಮು ಕಟ್ಟೋಕೆ ಹೋದ ಕಥೆ

ಅಪ್ಪ ಹೋಗಿ ವರ್ಷ ಆದ್ಮೇಲೆ ಅಂತೂ ಇಂತೂ ಅಮ್ಮ ನಮ್ಮ ಜೊತೆ ಬಂದಿರೋಕೆ ಒಪ್ಕೊಂಡ್ಲು. ಒಂದೇ ಕಂಡೀಷನ್, ಮೆಟ್ಲು ಹತ್ತಲ್ಲ. ಅವಳ ಎರಡೂ ಮಂಡಿ ಹೋಗಿವೆ, ಶ್ರೀರಂಗಪಟ್ಟಣದ ಮನೇಲಿ ಅಟ್ಟದ ಮುಖ ನೋಡಿ ಹತ್ತು ವರ್ಷ ಆಯ್ತು ಅಂತಾಳೆ. ನಮ್ಮನೆ ನೋಡಿದ್ರೆ ಬಾಸ್ಟನ್‌ನಿಂದ ಮುಕ್ಕಾಲು ಗಂಟೆ ದೂರದ ಒಂದು ಹಳೇ ಊರಲ್ಲಿ, 1850ರ ಆಸುಪಾಸಲ್ಲಿ ಕಟ್ಟಿದ ಮರದ ಮನೆ, ಕೆಳಗಡೆ ಅಡುಗೆಮನೆ, ಹಾಲು ಅಷ್ಟೆ, ಮಲಗೋ ರೂಮು ಬಾತ್‌ರೂಮು ಎಲ್ಲಾ ಮೇಲೆ, ಮಧ್ಯದಲ್ಲಿರೋ ಮೆಟ್ಲೋ ಏಣಿಗಿಂತ ಸ್ವಲ್ಪ ವಾಸಿ. ಸರಿ, ಹಿತ್ತಿಲ ಕಡೆ ನೆಲಮಟ್ಟಕ್ಕೆ ಒಂದು ರೂಮು, ಅದಕ್ಕೊಂದು ಬಾತ್‌ರೂಮು ಸೇರಿಸಿಬಿಡೋಣ, ಮೇಲೆ ಹೆಂಗೂ ಜಾಗ ಸಿಗುತ್ತಲ್ಲ ಇವ್ರಿಗೊಂದು ಆಫೀಸ್ ರೂಮು ಕೂಡ ಆಗ್ಲಿ ಅಂತ ಲೆಕ್ಕ ಹಾಕಿದ್ವಿ. ಆರು ತಿಂಗ್ಳು ಅಂದ್ಕೊಂಡ್ವಿ. ಆಗಿದ್ದು ಹದಿನಾಲ್ಕು.

ಮನೆ ತಗೊಳ್ಳೋವಾಗ ರಿಯಲ್ಟರ್ ‘ಹಿಸ್ಟಾರಿಕ್’ ಅನ್ನೋ ಪದಾನ ಅದೆಷ್ಟು ಸಲ ಹೇಳಿದ್ರೋ, ನಾನು ಅದನ್ನ ಹೊಗಳಿಕೆ ಅಂದ್ಕೊಂಡಿದ್ದೆ. ಅಮೆರಿಕದಲ್ಲಿ ‘ಹಿಸ್ಟಾರಿಕ್’ ಅಂದ್ರೆ ಎರಡು ಬೇರೆ ಬೇರೆ ವಿಷ್ಯ ಅಂತ ಆಮೇಲೆ ಗೊತ್ತಾಯ್ತು. ಒಂದು ನ್ಯಾಷನಲ್ ರಿಜಿಸ್ಟರ್, ಅಂದ್ರೆ ಇತಿಹಾಸ ಇರೋ ಕಟ್ಟಡ, ಜಾಗಗಳ ಪಟ್ಟಿ, 1966ರ ಕೇಂದ್ರ ಕಾಯ್ದೆದು. ಅದರಲ್ಲಿ ನಿಮ್ಮನೆ ಹೆಸರು ಇದೆ ಅಂದ್ರೆ ಮರ್ಯಾದೆ ಅಷ್ಟೆ, ನಿಮ್ಮ ಸ್ವಂತ ದುಡ್ಡಲ್ಲಿ ನೀವೇನ್ ಮಾಡ್ಕೊಂಡ್ರೂ ಆ ಪಟ್ಟಿ ನಿಮ್ಮನ್ನ ತಡಿಯಲ್ಲ. ಇನ್ನೊಂದು ಲೋಕಲ್ ಹಿಸ್ಟಾರಿಕ್ ಡಿಸ್ಟ್ರಿಕ್ಟ್, ಊರವರೇ ಮಾಡ್ಕೊಂಡಿರೋದು, ಹಲ್ಲಿರೋದು ಇದಕ್ಕೆ. ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ 1931ರಲ್ಲಿ ಮೊದಲು ಶುರುವಾಗಿದ್ದು, ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಬಾಸ್ಟನ್‌ನ ಬೀಕನ್ ಹಿಲ್ ಮತ್ತೆ ನ್ಯಾಂಟಕೆಟ್ ದ್ವೀಪ 1955ರಲ್ಲಿ, ಆಮೇಲೆ 1960ರಲ್ಲಿ ಚಾಪ್ಟರ್ 40ಸಿ ಅಂತ ರಾಜ್ಯದ ಕಾನೂನೇ ಬಂತು. ಅದರ ಪ್ರಕಾರ ಊರಿನ ಟೌನ್ ಮೀಟಿಂಗ್‌ನಲ್ಲಿ ಮೂರರಲ್ಲಿ ಎರಡು ಪಾಲು ವೋಟು ಬಿದ್ರೆ ಒಂದಷ್ಟು ಬೀದಿಗಳು ಡಿಸ್ಟ್ರಿಕ್ಟ್ ಆಗುತ್ವೆ, ಅದನ್ನ ನೋಡ್ಕೊಳ್ಳೋಕೆ ಕಮಿಷನ್ ಅಂತ ಒಂದು ಸಮಿತಿ ಹುಟ್ಕೊಳ್ಳುತ್ತೆ, ಆಮೇಲೆ ಆ ಬೀದಿಗಳಲ್ಲಿ ಮನೆ ಹೊರಗಡೆ ಏನೇ ಬದಲಾಯಿಸ್ಬೇಕಾದ್ರೂ ಅವರ ಸರ್ಟಿಫಿಕೇಟ್ ಇಲ್ದೇ ಬಿಲ್ಡಿಂಗ್ ಪರ್ಮಿಟ್ ಕೊಡೋ ಹಾಗಿಲ್ಲ. ಆ ಸರ್ಟಿಫಿಕೇಟ್ ಹೆಸರು ಸರ್ಟಿಫಿಕೇಟ್ ಆಫ್ ಅಪ್ರೋಪ್ರಿಯೇಟ್‌ನೆಸ್. ನಮ್ಮತ್ತೆ ನಾನು ಉಡೋ ಬಟ್ಟೆಗೆ ಕೊಡ್ತಿದ್ರಲ್ಲ, ಅದೇ.

ಆದ್ರೆ ಕಾನೂನಲ್ಲಿ ಒಂದು ದೊಡ್ಡ ಕಿಂಡಿ ಇದೆ. ಕಮಿಷನ್ ನೋಡೋದು ರಸ್ತೆ, ಪಾರ್ಕು, ಅಂಥ ಸಾರ್ವಜನಿಕ ಜಾಗದಿಂದ ಕಾಣೋದನ್ನ ಮಾತ್ರ. ಒಳಗಡೆ ನೀವು ಗೋಡೆ ಒಡೀರಿ, ಗ್ರಾನೈಟ್ ಹಾಕಿ, ಅವರು ಕೇಳೋ ಹಾಗೇ ಇಲ್ಲ. ಹಿಂದುಗಡೆ ಕಾಣದೇ ಇರೋ ಕಡೆ ಏನು ಕಟ್ಕೊಂಡ್ರೂ ‘ನಮಗೆ ಸಂಬಂಧ ಇಲ್ಲ’ ಅಂತ ಬೇರೆ ಸರ್ಟಿಫಿಕೇಟ್ ಕೊಟ್ಟು ಕಳಿಸ್ತಾರೆ. ನಮ್ಮ ಸಾಲಲ್ಲೇ ಮೂರನೇ ಮನೆಯವ್ರು ಹಿಂದುಗಡೆ ಹಡಗಿನಂಥ ಗಾಜಿನ ಡಬ್ಬ ಕಟ್ಕೊಂಡಿದಾರೆ, ಬೀದೀಲಿ ನಿಂತ್ರೆ ಒಂದು ಚೂರೂ ಕಾಣಲ್ಲ. ಅದನ್ನ ನೋಡ್ಕೊಂಡೇ ನಾವು ಧೈರ್ಯವಾಗಿದ್ದಿದ್ದು.

ನಮ್ಮದು ಕಾರ್ನರ್ ಸೈಟು ಅನ್ನೋದನ್ನ ಮರ್ತಿದ್ವಿ. ಊರಲ್ಲಿ ಮೂಲೆ ಸೈಟು ಅಂದ್ರೆ ರೇಟು ಜಾಸ್ತಿ, ಜನ ಮುಗಿಬೀಳ್ತಾರೆ. ಇಲ್ಲಿ ಮೂಲೆ ಸೈಟು ಅಂದ್ರೆ ಎರಡು ರಸ್ತೆ, ಎರಡು ರಸ್ತೆ ಅಂದ್ರೆ ಮನೆಗೆ ಬೆನ್ನೇ ಇಲ್ಲ. ಪಕ್ಕದ ಬೀದೀಲಿ ನಾಯಿ ಕರ್ಕೊಂಡು ಹೋಗೋರಿಗೆ ನಮ್ಮ ಹಿತ್ತಿಲು, ಕಸದ ಡಬ್ಬ, ಒಣಗಾಕಿರೋ ಹಪ್ಪಳ ಎಲ್ಲಾ ಕಾಣ್ಸುತ್ತೆ. ‘ದೊಡ್ಡ ಮೇಪಲ್ ಮರ ಮರೆ ಮಾಡುತ್ತಲ್ಲ’ ಅಂದೆ ಟೌನ್ ಹಾಲಿನ ಕೌಂಟರಲ್ಲಿದ್ದ ಹೆಂಗಸಿನ ಹತ್ರ. ‘ಮರ ಇವತ್ತು ಇರುತ್ತೆ ನಾಳೆ ಬೀಳುತ್ತೆ, ಗಿಡಮರ ನಮ್ಮ ಲೆಕ್ಕಕ್ಕಿಲ್ಲ’ ಅಂದ್ರು. ನ್ಯಾಯವೇ, ನವೆಂಬರ್ ಬಂದ್ರೆ ಇಲ್ಲಿ ಮರದಲ್ಲಿ ಎಲೇನೇ ಇರಲ್ಲ.

ಅದೇ ಹೆಂಗಸು ಇನ್ನೊಂದು ಮಾತೂ ಹೇಳಿದ್ರು, ಅಪ್ಲಿಕೇಶನ್ ಹಾಕೋಕ್ ಮುಂಚೆ ಕಮಿಷನ್ ಮುಂದೆ ಒಂದು ಅನೌಪಚಾರಿಕ ಮಾತುಕತೆಗೆ ಬನ್ನಿ, ಫೀಸಿಲ್ಲ, ಪೆನ್ಸಿಲ್ ಸ್ಕೆಚ್ ತಂದ್ರೂ ಸಾಕು ಅಂತ. ನಮ್ಮ ಆರ್ಕಿಟೆಕ್ಟು ‘ಅದೆಲ್ಲ ಟೈಂ ವೇಸ್ಟು, ಪೂರ್ತಿ ಡ್ರಾಯಿಂಗ್ ತೋರಿಸಿದ್ರೆ ಅವರಿಗೆ ಗೌರವ ಬರುತ್ತೆ’ ಅಂದ. ಆ ಪೂರ್ತಿ ಡ್ರಾಯಿಂಗಿಗೆ ನಾವು ಕೊಟ್ಟ ದುಡ್ಡು ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಯಾರಾದ್ರೂ ಈ ದಾರೀಲಿ ಹೋಗೋರಿದ್ರೆ ಆ ಪೆನ್ಸಿಲ್ ಸ್ಕೆಚ್ ಮೀಟಿಂಗ್ ಮಾತ್ರ ಬಿಡ್ಬೇಡಿ.

ಜನವರೀಲಿ ಅಪ್ಲಿಕೇಶನ್ ಕೊಟ್ವಿ. ಮನೆಯ ನಾಲ್ಕೂ ಕಡೆ ಫೋಟೋ, ಎರಡೂ ರಸ್ತೆಯಿಂದ ಫೋಟೋ, ಈಗಿರೋ ಡ್ರಾಯಿಂಗು ಆಗೋ ಡ್ರಾಯಿಂಗು, ಕಿಟಕಿ ಯಾವ ಕಂಪ್ನಿದು ಅದರ ಶೀಟು, ಬಾಗ್ಲಿಂದು ಶೀಟು, ಲೈಟಿಂದು ಶೀಟು. ವಿಚಾರಣೆಗೆ ಹದಿನಾಲ್ಕು ದಿನ ಮುಂಚೆ ಅಕ್ಕಪಕ್ಕದ ಮನೆ ಮಾಲೀಕರಿಗೆಲ್ಲ ನೋಟೀಸು ಹೋಗ್ಬೇಕು, ಇಲ್ಲಿ ಅವರನ್ನ ‘ಅಬಟರ್ಸ್’ ಅಂತಾರೆ. ಅರ್ಜಿ ಕೊಟ್ಟ 60 ದಿನದೊಳಗೆ ಕಮಿಷನ್ ತೀರ್ಮಾನ ಹೇಳ್ಲೇಬೇಕು ಅಂತ ಕಾನೂನು, ಅದನ್ನ ಓದಿ ಇವ್ರು ಕ್ಯಾಲೆಂಡರಲ್ಲಿ ಕೆಂಪು ಇಂಕಲ್ಲಿ ಗುರುತು ಹಾಕಿದ್ರು. ಆ ವಾಕ್ಯದ ಬಾಲದಲ್ಲಿ ‘ಅರ್ಜಿದಾರರು ಬರೆದು ಕೊಟ್ರೆ ಇನ್ನೂ ಜಾಸ್ತಿ ದಿನ’ ಅಂತ ಇರೋದನ್ನ ಇಬ್ರೂ ಓದಿರ್ಲಿಲ್ಲ.

ಫೆಬ್ರವರಿ ಮೀಟಿಂಗು, ಜೂಮ್‌ನಲ್ಲಿ, ರಾತ್ರಿ ಏಳೂವರೆಗೆ. ನಮ್ಮದು ಐದನೇ ಐಟಂ, ನಮ್ಮ ಮುಂದೆ ಒಬ್ಬರ ಬೇಲಿ ನಾಲ್ಕಡಿ ಇರ್ಬೇಕಾ ಐದಡಿ ಇರ್ಬೇಕಾ ಅಂತ ನಲವತ್ತು ನಿಮಿಷ ನಡೀತು. ನಾನು ಲ್ಯಾಪ್‌ಟಾಪ್ ಅಡುಗೆಕಟ್ಟೆ ಮೇಲಿಟ್ಕೊಂಡು ಹುಳಿಗೆ ಬೇಳೆ ಬೇಯಿಸ್ಕೊಂಡೆ. ಕಮಿಷನ್‌ನವ್ರು ಸರ್ಕಾರಿ ನೌಕರರಲ್ಲ, ಊರಿನೋರೇ, ಸಂಬಳ ಇಲ್ದೇ ಮಾಡ್ತಾರೆ, ಐದು ಜನ. ಕಾನೂನಿನ ಪ್ರಕಾರ ಆರ್ಕಿಟೆಕ್ಟ್‌ಗಳ ಸಂಘ, ರಿಯಲ್ಟರ್‌ಗಳ ಸಂಘ, ಊರಿನ ಇತಿಹಾಸದ ಸೊಸೈಟಿ ಇವೆಲ್ಲ ಹೆಸರು ಸೂಚಿಸ್ಬೇಕು. ಓಪನ್ ಮೀಟಿಂಗ್ ಕಾನೂನಿರೋದ್ರಿಂದ ಅವರವರೇ ಮೊದಲೇ ಈಮೇಲಲ್ಲಿ ಮಾತಾಡ್ಕೊಂಡು ಬರೋ ಹಾಗಿಲ್ಲ, ಏನೇ ಯೋಚ್ನೆ ಮಾಡಿದ್ರೂ ನಿಮ್ಮ ಕಣ್ಣೆದುರೇ ಮಾಡ್ಬೇಕು. ಕೇಳೋಕೆ ಚೆನ್ನಾಗಿದೆ. ನಮ್ಮನೆ ಬಗ್ಗೆ ಐದು ಜನ ನಮ್ಮೆದುರೇ, ನಾವಿಲ್ವೇನೋ ಅನ್ನೋ ಥರ ಮಾತಾಡೋದನ್ನ ಕೇಳಿದ್ರೆ, ಹೆಣ್ಣು ನೋಡೋಕೆ ಬಂದೋರು ಹುಡುಗಿ ಮುಂದೇನೇ ಮೂಗು ಸ್ವಲ್ಪ ಮೊಂಡು ಅಂದ ಹಾಗಿರುತ್ತೆ.

ಅವರು ಹೇಳಿದ್ದಾದ್ರೂ ಏನು? ನಮ್ಮ ಹಳೇ ಮನೆ ಗ್ರೀಕ್ ರಿವೈವಲ್ ಅಂತ, ಅಂದ್ರೆ ರಸ್ತೆ ಕಡೆ ಗ್ರೀಕ್ ದೇವಸ್ಥಾನದ ಥರ ತ್ರಿಕೋನ, ಮೂಲೇಲಿ ಅಗಲವಾದ ಹಲಗೆ, ಕಂಬದ ಹಾಗೆ ಕಾಣೋಕೆ. ಅದರ ಹಿಂದೆ ನಮ್ಮ ಆರ್ಕಿಟೆಕ್ಟು ಎರಡು ಅಂತಸ್ತಿನ, ಚಪ್ಪಟೆ ತಾರಸಿಯ ಡಬ್ಬ ಇಟ್ಟಿದ್ದ, ಪಕ್ಕದ ಗೋಡೆ ಸಮಕ್ಕೆ ಎಳೆದಿದ್ದ. ‘ಹಳೇ ಮನೆ ಎಲ್ಲಿ ಮುಗಿಯುತ್ತೆ, ಹೊಸದೆಲ್ಲಿ ಶುರುವಾಗುತ್ತೆ? ನನಗೆ ಕಾಣ್ತಿಲ್ಲ’ ಅಂದ್ರು ಅಧ್ಯಕ್ಷೆ. ಇನ್ನೊಬ್ರು ಕಿಟಕಿ ವಿನೈಲ್, ಅಂದ್ರೆ ಪ್ಲಾಸ್ಟಿಕ್ಕಿಂದು, ಅಂತ ನೋಡಿ ಕಣ್ಣು ಮುಚ್ಕೊಂಡ್ರು, ನಿಜವಾಗ್ಲೂ ಮುಚ್ಕೊಂಡ್ರು. ಆಮೇಲೆ ಒಂದು ಪತ್ರ ಓದಿದ್ರು. ಎದುರುಮನೆ ಅಜ್ಜಂದು. ‘ಈ ಬೀದಿಯ ಅಳತೆಗೆ ಮೀರಿದ್ದು’ ಅಂತ ಒಂದೂವರೆ ಪುಟ ಬರೆದಿದ್ರು. ಮೂರು ಚಳಿಗಾಲ ಇವ್ರು ಆ ಅಜ್ಜನ ಮನೆ ಮುಂದಿನ ಹಿಮ ಬಾಚಿದಾರೆ! ಇವ್ರು ಮ್ಯೂಟ್ ಮಾಡ್ಕೊಂಡು ಹೇಳಿದ ಮಾತನ್ನ ಇಲ್ಲಿ ಬರೆಯಲ್ಲ.

ತೀರ್ಮಾನ ಮುಂದಕ್ಕೆ ಹಾಕಿದ್ರು. 60 ದಿನದ ಗಡುವು ಬಿಟ್ಕೊಡ್ತೀವಿ ಅಂತ ಬರೆದು ಕೊಡಿ ಅಂದ್ರು. ಕೊಡ್ದೇ ಇದ್ರೆ? ಆಗ ನಾವು ಇವತ್ತೇ ವೋಟ್ ಹಾಕ್ಬೇಕಾಗುತ್ತೆ ಅಂತ ತುಂಬಾ ಮೆದುವಾಗಿ ಅಂದ್ರು. ಕೊಟ್ವಿ.

ಮುಂದಿನ ಮೀಟಿಂಗಿನೊಳಗೆ ಸ್ಟೋರಿ ಪೋಲ್ಸ್ ನೆಡ್ಬೇಕು ಅಂತ ಹೇಳಿದ್ರು. ಅಂದ್ರೆ ಕಟ್ಟಬೇಕಾಗಿರೋ ಕಟ್ಟಡದ ನಾಲ್ಕು ಮೂಲೇಲಿ ಅಷ್ಟೇ ಎತ್ತರಕ್ಕೆ ಕೋಲು ನಿಲ್ಲಿಸಿ, ಛಾವಣಿ ಅಂಚು ಎಲ್ಲಿ ಬರುತ್ತೋ ಅಲ್ಲಿ ಕಿತ್ತಳೆ ಬಣ್ಣದ ಪಟ್ಟಿ ಕಟ್ಟೋದು, ಆಮೇಲೆ ಅವರು ಬಂದು ರಸ್ತೇಲಿ ನಿಂತು ನೋಡೋದು. ಮಾರ್ಚ್ ಮೊದಲ ವಾರ, ಹಿಮ ಮೊಣಕಾಲುದ್ದ, ಇವ್ರೂ ಇವ್ರ ಫ್ರೆಂಡೂ ಸೇರ್ಕೊಂಡು ಕೋಲು ನೆಡ್ತಿದಾರೆ, ನಾನು ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರಿಸ್ದೆ.

‘ಏನೇ ಅದು, ಚಪ್ಪರ ಹಾಕ್ತಿದೀರಾ? ಯಾರ ಮದುವೆ?’

‘ನಿನ್ನ ರೂಮಮ್ಮ.’

ವಿಷಯ ಎಲ್ಲಾ ಹೇಳ್ದೆ. ಅಮ್ಮನಿಗೆ ಒಂದಿಷ್ಟೂ ಆಶ್ಚರ್ಯ ಆಗ್ಲಿಲ್ಲ. ಅವಳ ಮನೆ ಇರೋದು ಕೋಟೆ ಒಳಗೆ, ರಂಗನಾಥನ ದೇವಸ್ಥಾನದಿಂದ ಕೂಗಳತೆ ದೂರ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಇರೋದನ್ನ ದುರಸ್ತಿ ಮಾಡೋಕೂ ಅನುಮತಿ ಬೇಕು, ಅದರಾಚೆ ಇನ್ನೂ 200 ಮೀಟರ್ ತನಕ ಏನೇ ಕಟ್ಟಿದ್ರೂ ಅನುಮತಿ, 2010ರ ತಿದ್ದುಪಡಿ ಆದ್ಮೇಲೆ ಇದು ಅಲ್ಲಿ ಮನೆಮಾತು. ‘ಇಲ್ಲಿ ದೇವ್ರಿದಾನೆ, ಕೋಟೆ ಇದೆ, ಟಿಪ್ಪು ಇದ್ದ ಊರು, ಸರಿ. ಅಲ್ಲೇನಿದೆಯೇ?’ ಅಂದ್ಲು. ‘ನೂರೆಪ್ಪತ್ತು ವರ್ಷದ ಮರದ ಮನೆಗಳಮ್ಮ, ಇಡೀ ಬೀದಿ.’ ಒಂದು ಗಳಿಗೆ ಸುಮ್ನಿದ್ದು, ‘ನಮ್ಮ ಹೊಸ್ಲು ಅದಕ್ಕಿಂತ ಹಳೇದು’ ಅಂದ್ಲು.

ಅದು ತಮಾಷೆ, ಆದ್ರೆ ವ್ಯತ್ಯಾಸನೂ ಅಲ್ಲೇ ಇದೆ ಅನ್ಸುತ್ತೆ ನಂಗೆ. ಅಲ್ಲಿ ಕಾಪಾಡೋದು ದೇವಸ್ಥಾನನ, ಕೋಟೆನ, ಮನೆಗಳು ಅದರ ಸುತ್ತ ಇರೋ ಅಡ್ಡಿ. ಅಳತೆ ಟೇಪು ಹಿಡಿದ್ರೆ ಉತ್ತರ ಸಿಕ್ತು. ಇಲ್ಲಿ ಕಾಪಾಡ್ತಿರೋದೇ ಮನೆಗಳನ್ನ, ಯಾವ ರಾಜನೂ ಮಲಗದ ಚಮ್ಮಾರರ, ಬಡಗಿಗಳ, ಮೇಷ್ಟ್ರುಗಳ ಮನೆಗಳನ್ನ. ಅದಕ್ಕೆ ಟೇಪಲ್ಲಿ ಉತ್ತರ ಸಿಗಲ್ಲ, ಯಾರೋ ನಿಂತು ನೋಡಿ ಚೆನ್ನಾಗಿದೆಯಾ ಇಲ್ವಾ ಅನ್ಬೇಕು, ಜಗಳ ಹುಟ್ಟೋದೇ ಅಲ್ಲಿ.

ಶನಿವಾರ ಬೆಳಿಗ್ಗೆ ಬಂದ್ರು, ಮೂರು ಜನ. ಫುಟ್‌ಪಾತಲ್ಲಿ ನಿಂತು ನೋಡಿದ್ರು, ಸ್ವಲ್ಪ ಹಿಂದೆ ಹೋದ್ರು, ಎದುರುಗಡೆ ಹೋದ್ರು, ಮತ್ತೆ ಈ ಕಡೆ ಬಂದ್ರು. ಕಾಫಿ ಕುಡೀರಿ ಅಂದ್ರೆ ಬೇಡ ಅಂದ್ರು. ಅಲ್ಲೇ ನಿಂತು ಅಭಿಪ್ರಾಯನೂ ಹೇಳೋ ಹಾಗಿಲ್ಲ, ಅದು ಮೀಟಿಂಗಲ್ಲೇ ಆಗ್ಬೇಕು. ನಾನೂ ಅವರ ಪಕ್ಕ ಹೋಗಿ ನಿಂತೆ. ಅಲ್ಲಿ ತನಕ ನಾನು ಆ ಡಬ್ಬಾನ ಕಾಗದದ ಮೇಲೆ, ಮೇಲಿಂದಷ್ಟೇ ನೋಡಿದ್ದೆ. ಕಿತ್ತಳೆ ಪಟ್ಟಿ ಗಾಳೀಲಿ ಪಟಪಟ ಅಂತಿತ್ತು, ನಮ್ಮನೆ ಛಾವಣಿಗಿಂತ ಎತ್ತರ ಅಲ್ಲ, ಆದ್ರೆ ಹಿಂದಿನಿಂದ ಯಾರೋ ಮನೆ ಹೆಗಲ ಮೇಲೆ ಕೈ ಹಾಕಿ ಒತ್ತಿದ ಹಾಗಿತ್ತು. ಸುಳ್ಳು ಯಾಕೆ ಹೇಳ್ಲಿ, ಕೆಟ್ಟದಾಗಿತ್ತು. ಇವ್ರಿಗೆ ಆವಾಗ ಹೇಳ್ಲಿಲ್ಲ.

ಎದುರುಮನೆ ಅಜ್ಜನೂ ಕಿಟಕೀಲಿ ನಿಂತಿದ್ರು. ಇವ್ರು ಆ ಸಲ ಹಿಮ ಬಿದ್ದಾಗಲೂ ಬಾಚೋಕೆ ಹೋದ್ರು, ಮುಖ ಗಂಟು ಹಾಕ್ಕೊಂಡೇ. ಅಜ್ಜ ಬಾಗ್ಲು ತೆಗೆದು, ‘ನಾನು ಬರೆದಿದ್ದು ನಿಮ್ಮ ಮೇಲಲ್ಲ, ಡಬ್ಬದ ಮೇಲೆ’ ಅಂದ್ರಂತೆ. ಅಷ್ಟೆ. ಎರಡನೇ ಮೀಟಿಂಗಿಗೂ ಬಂದಿದ್ರು, ಕ್ಯಾಮೆರಾ ಆಫ್ ಮಾಡ್ಕೊಂಡು, ಒಂದು ಮಾತೂ ಆಡ್ಲಿಲ್ಲ.

ಮಹಡಿ ಆಫೀಸ್ ರೂಮಿನ ಆಸೆ ಬಿಟ್ವಿ. ಹೊಸ ಡ್ರಾಯಿಂಗಲ್ಲಿ ಒಂದೇ ಅಂತಸ್ತು, ಇಳಿಜಾರು ಛಾವಣಿ, ಅದರ ತುದಿ ಹಳೇ ಛಾವಣಿಗಿಂತ ತುಂಬಾ ಕೆಳಗೆ. ಮುಖ್ಯವಾಗಿ ‘ಹೈಫನ್’. ಬರವಣಿಗೇಲಿ ಎರಡು ಪದದ ಮಧ್ಯ ಸಣ್ಣ ಗೆರೆ ಎಳೀತಾರಲ್ಲ, ಹಾಗೇ ಹಳೇ ಮನೆ ಹೊಸ ರೂಮಿನ ಮಧ್ಯ ಐದಡಿಯ ಕಿರಿದಾದ ಹಜಾರ, ಗೋಡೆ ಎರಡಡಿ ಒಳಕ್ಕೆ ಸರಿದಿರುತ್ತೆ, ಹಾಗಾಗಿ ರಸ್ತೇಲಿ ನಿಂತೋರಿಗೆ ಹಳೇ ಮನೆಯ ಮೂಲೆ ಪೂರ್ತಿ ಕಾಣ್ಸುತ್ತೆ. ಮುಂದೆ ಯಾರಾದ್ರೂ ನಮ್ಮ ರೂಮನ್ನ ಕಿತ್ತು ಹಾಕಿದ್ರೂ ಹಳೇ ಮನೆ ಹಾಗೇ ಉಳೀಬೇಕು ಅನ್ನೋದು ಇದರ ಹಿಂದಿನ ತತ್ವ. ಕೇಂದ್ರದ ಇಂಟೀರಿಯರ್ ಖಾತೆಯವ್ರು ಹಳೇ ಕಟ್ಟಡಗಳ ಕೆಲಸಕ್ಕೆ ಹತ್ತು ಸೂತ್ರ ಮಾಡಿಟ್ಟಿದಾರೆ, ಇದು ಹತ್ತನೇದು. ಒಂಬತ್ತನೇದು ಇನ್ನೂ ಮಜವಾಗಿದೆ: ಸೇರ್ಸಿದ ಭಾಗ ಹಳೇದರಿಂದ ಬೇರೆ ಅಂತ ಗೊತ್ತಾಗ್ಬೇಕು, ಆದ್ರೆ ಹಳೇದಕ್ಕೆ ಹೊಂದ್ಕೊಂಡೂ ಇರ್ಬೇಕು. ಹೊಸ ಸೊಸೆಗೆ ಹೇಳೋ ಮಾತೇ ಅಲ್ವಾ ಇದು.

ಈ ಒಂಬತ್ತನೇ ಸೂತ್ರದ ಮೇಲೆ ಎರಡನೇ ಮೀಟಿಂಗಲ್ಲಿ ಕಿಟಕಿ ಜಗಳ ಶುರುವಾಯ್ತು. ಹಳೇ ಮನೆ ಕಿಟಕಿಗಳು ‘ಆರರ ಮೇಲೆ ಆರು’, ಅಂದ್ರೆ ಮೇಲಿನ ಚೌಕಟ್ಟಲ್ಲಿ ಆರು ಗಾಜು, ಕೆಳಗಿನದ್ರಲ್ಲಿ ಆರು. ನಾವು ಜಾಣತನ ಮಾಡಿ ಹೊಸ ರೂಮಿಗೂ ಆರರ ಮೇಲೆ ಆರೇ ಹಾಕಿದ್ವಿ, ಮರದ್ದೇ, ವಿನೈಲ್ ಸಹವಾಸ ಬಿಟ್ಟು. ಒಬ್ರು ‘ಚೆನ್ನಾಗಿದೆ’ ಅಂದ್ರು. ಇನ್ನೊಬ್ರು, ಅವರು ಆರ್ಕಿಟೆಕ್ಟು, ‘ಇಲ್ಲ ಇಲ್ಲ, ಇದು ಹಳೇದರ ವೇಷ ಹಾಕಿದೆ, ಹೊಸ ಕಿಟಕೀಲಿ ಒಂದರ ಮೇಲೆ ಒಂದು ಇರ್ಬೇಕು’ ಅಂದ್ರು. ಮೂರನೆಯೋರು ಅಷ್ಟು ದೊಡ್ಡ ಬರೀ ಗಾಜು ಆ ಬೀದಿಗೆ ಕಣ್ಣು ಕಿತ್ತ ಹಾಗೆ ಕಾಣುತ್ತೆ ಅಂದ್ರು. ಇಪ್ಪತ್ತೈದು ನಿಮಿಷ. ಗಾಜಿನ ಮಧ್ಯ ಇರೋ ಪಟ್ಟಿ ನಿಜವಾದ್ದಾ ಇಲ್ಲ ಮೇಲೆ ಅಂಟಿಸಿದ್ದಾ, ಅಂಟಿಸಿದ್ರೆ ಎರಡು ಪದರ ಗಾಜಿನ ಒಳಗೂ ಪಟ್ಟಿ ಇದೆಯಾ, ಇಲ್ದಿದ್ರೆ ಓರೆಯಾಗಿ ನೋಡಿದಾಗ ಮೋಸ ಗೊತ್ತಾಗುತ್ತೆ, ಇಂಥದ್ದೆಲ್ಲ. ಮೊದಲ ಹತ್ತು ನಿಮಿಷ ಸಿಟ್ಟು ಬಂತು, ಆಮೇಲೆ ಕೇಳ್ತಾ ಕೇಳ್ತಾ ನಂಗೇ ಒಂದು ಅಭಿಪ್ರಾಯ ಹುಟ್ಕೊಂಡ್ಬಿಡ್ತು. ಕೈ ಎತ್ತಿ ‘ಎರಡರ ಮೇಲೆ ಎರಡು ಆದ್ರೆ?’ ಅಂದೆ. ಪಕ್ಕದ ಬೀದೀಲಿ, ನಮ್ಮನೆಗಿಂತ ಆಮೇಲೆ ಕಟ್ಟಿದ ಮನೆಗಳಲ್ಲಿ ಆ ಥರ ನೋಡಿದ್ದೆ. ಎಲ್ರೂ ಸುಮ್ನಾದ್ರು. ನಾಲ್ಕು ಹೌದು, ಒಂದು ಇಲ್ಲ. ಇಲ್ಲ ಅಂದಿದ್ದು ಆರ್ಕಿಟೆಕ್ಟೇ. ಪಾಸಾಯ್ತು. ಅತೃಪ್ತರು ಯಾರಾದ್ರೂ ಇದ್ರೆ ಕೋರ್ಟಿಗೆ ಹೋಗೋಕೆ ಇಪ್ಪತ್ತು ದಿನ ಇರುತ್ತೆ, ಅಷ್ಟು ದಿನ ಕಾದು ಬಿಲ್ಡಿಂಗ್ ಪರ್ಮಿಟ್‌ಗೆ ಹಾಕಿದ್ವಿ.

ಕಟ್ಟಿದ ಕಥೆ ಎಲ್ರಿಗೂ ಇರೋದೇ. ಇಲ್ಲಿ ನೆಲ ಹೆಪ್ಪುಗಟ್ಟುತ್ತೆ ಅಂತ ಪಾಯ ನಾಲ್ಕಡಿ ಇಳಿಸ್ಬೇಕು, ಗೋಡೆ ಬಿಚ್ಚಿದ್ರೆ ನೂರು ವರ್ಷದ ಹಿಂದಿನ ವೈರಿಂಗು ಪಿಂಗಾಣಿ ಗುಂಡಿಗಳ ಮೇಲೆ ಜೋತಾಡ್ತಿತ್ತು, ಹಳೇ ಪೇಂಟಲ್ಲೆಲ್ಲ ಸೀಸ. ಮರದ ಕ್ಲ್ಯಾಪ್‌ಬೋರ್ಡ್ ಅಂದ್ರೆ ಗೋಡೆ ಹೊರಗೆ ಒಂದರ ಮೇಲೊಂದು ಹೊದಿಸೋ ಹಲಗೆ, ಅದರ ರೇಟು ಕೇಳಿ ಇವ್ರು ಒಂದು ದಿನ ಊಟ ಬಿಟ್ರು.

ಸೆಪ್ಟೆಂಬರಲ್ಲಿ ಇನ್ನೇನು ಮುಗೀತು ಅನ್ನೋವಾಗ ರೂಮು ಬಿಸಿ ಮಾಡೋ ಹೀಟ್ ಪಂಪಿನವ್ರು ಬಂದು ಹೊರಗಡೆ ಯೂನಿಟ್ ಇಟ್ಟು, ಅದರ ಪೈಪು ಮುಚ್ಚೋಕೆ ಬಿಳೀ ಪ್ಲಾಸ್ಟಿಕ್ ದೋಣಿ ಥರದ್ದನ್ನ ಪಕ್ಕದ ರಸ್ತೆ ಕಡೆ ಗೋಡೆ ಮೇಲೆ ಹೊಡ್ಕೊಂಡು ಹೋದ್ರು. ಒಂದು ವಾರಕ್ಕೆ ಪತ್ರ ಬಂತು. ಒಪ್ಪಿಗೆಯಾದ ಡ್ರಾಯಿಂಗಲ್ಲಿ ಅದಿಲ್ಲ. ಮತ್ತೆ ಅರ್ಜಿ, ಮತ್ತೆ ನೋಟೀಸು, ಅದಕ್ಕೊಂದು ಮರದ ಜಾಲರಿ ಮರೆ, ಪೈಪು ಒಳಗಿಂದ. ನಂಗೆ ಅರ್ಥ ಆಗದೇ ಇದ್ದಿದ್ದು ಏನಂದ್ರೆ, ನಮ್ಮೂರ ನಿಯಮದಲ್ಲಿ ಕಿಟಕಿಗೆ ಸಿಗಿಸೋ ಏಸಿಗೆ ರಿಯಾಯ್ತಿ ಇದೆ, ಮುಂಬಾಗಿಲ ಪಕ್ಕ ಕಿಟಕೀಲಿ ಡಬ್ಬ ಏಸಿ ಹೊಟ್ಟೆ ಮುಂದೆ ಮಾಡ್ಕೊಂಡು ನೀರು ತೊಟ್ಟಿಕ್ಕಿಸ್ತಾ ಕೂತಿದ್ರೆ ಯಾರೂ ಕೇಳಲ್ಲ. ಪೇಂಟಿನ ಬಣ್ಣಕ್ಕೂ ರಿಯಾಯ್ತಿ, ಇಡೀ ಮನೆಗೆ ಗಿಳಿಹಸಿರು ಬಳಿದು ನಿಂತ್ರೂ ಕಮಿಷನ್ ಬಾಯಿಬಿಡೋ ಹಾಗಿಲ್ಲ. ಒಂದು ಬಿಳೀ ಪೈಪಿಗೆ ಇಷ್ಟು! ಸಿಟ್ಟಲ್ಲಿ ಒಂದು ಸಲ ಗಿಳಿಹಸಿರು ಶೇಡ್ ಕಾರ್ಡ್ ತಂದಿದ್ದೂ ಉಂಟು.

ಅಕ್ಟೋಬರ್ ಕೊನೇಲಿ ಅಮ್ಮ ಬಂದ್ಲು. ರೂಮು ನೋಡಿದ್ಲು, ಕಿಟಕಿ ಎರಡರ ಮೇಲೆ ಎರಡು ಅಂತ ಹೇಳಿದ್ರೆ ಹ್ಞೂಂ ಅಂದ್ಲು. ಇಷ್ಟ ಆಗಿದ್ದು ಆ ಹೈಫನ್ನೇ, ಅಡುಗೆಮನೆ ಮಿಕ್ಸಿ ಸದ್ದು ಅವಳ ರೂಮಿಗೆ ಬರಲ್ಲ, ಎರಡೂ ಕಡೆ ಬೆಳಕು, ಬೆಳಿಗ್ಗೆ ಅಲ್ಲೇ ಕುರ್ಚಿ ಹಾಕ್ಕೊಂಡು ಹೂವಿನ ಬತ್ತಿ ಹೊಸೀತಾಳೆ. ಡಬ್ಬ ಕಟ್ಟಿದ್ರೆ ಅದಿರ್ತಿರ್ಲಿಲ್ಲ, ಅದನ್ನ ಒಪ್ಕೋತೀನಿ.

ಪಕ್ಕದ ಬಾಗ್ಲಿಗೆ ಮೂರು ಮೆಟ್ಲಿವೆ. ಮೂರೇ ಆದ್ರಿಂದ ಬಿಲ್ಡಿಂಗ್ ಕೋಡ್ ಪ್ರಕಾರ ಕೈಹಿಡಿ ಬೇಕಾಗಿಲ್ಲ, ಹಾಗಾಗಿ ಡ್ರಾಯಿಂಗಲ್ಲೂ ಇಲ್ಲ, ಯಾರಿಗೂ ಹೊಳೀಲೇ ಇಲ್ಲ. ಮೆಟ್ಲು ಹತ್ತಲ್ಲ ಅಂದೋಳಿಗೆ ಮೂರು ಮೆಟ್ಲಿಟ್ಟು ಹಿಡ್ಕೊಳ್ಳೋಕೆ ಏನೂ ಇಟ್ಟಿಲ್ಲ ನಾವು. ಸದ್ಯಕ್ಕೆ ಇವ್ರು ಸ್ಟೋರಿ ಪೋಲಿಗೆ ತಂದಿದ್ದ ಕೋಲುಗಳನ್ನೇ ಕೊಯ್ದು ಒಂದು ಕಟಕಟೆ ಥರ ಮಾಡಿದಾರೆ, ಒಂದರ ತುದೀಲಿ ಕಿತ್ತಳೆ ಪಟ್ಟಿ ಇನ್ನೂ ಹಾಗೇ ಇದೆ. ಪಕ್ಕದ ಬೀದಿಯಿಂದ ಚೆನ್ನಾಗೇ ಕಾಣ್ಸುತ್ತೆ. ಸರಿಯಾದ್ದಕ್ಕೆ ಅರ್ಜಿ ಹಾಕಿದೀನಿ, ಎರಡು ಆಯ್ಕೆ ಕೊಟ್ಟು, ಕಪ್ಪು ಕಬ್ಬಿಣದ್ದೊಂದು ಮರದ್ದೊಂದು. ಮುಂದಿನ ಬುಧವಾರ ಮೀಟಿಂಗು, ನಮ್ಮದು ಮೂರನೇ ಐಟಂ. ಅಮ್ಮ ತಾನೂ ಕ್ಯಾಮೆರಾ ಮುಂದೆ ಕೂರ್ತೀನಿ ಅಂತಿದಾಳೆ. ‘ಕಬ್ಬಿಣ ಚಳೀಲಿ ಕೈಗೆ ಕೊರೆಯುತ್ತೆ ಕಣೇ, ಅವ್ರು ರಸ್ತೇಲಿ ನಿಂತು ನೋಡಿದ್ರೆ ಅದು ಹೆಂಗೆ ಗೊತ್ತಾಗ್ಬೇಕು, ನಾನು ಹೇಳ್ತೀನಿ, ನೀನು ಇಂಗ್ಲಿಷಲ್ಲಿ ಹೇಳು.’